ಸೋಲಲು ಕೂತ ಬೀಗರು

ಗುಬ್ಬಿಯ ಪುಟ್ಟರಂಗಯ್ಯನಿಗೆ ಚದುರಂಗದ ಮುಂದೆ ಕೂತರೆ ಹೊಟ್ಟೆಯ ನೆನಪೂ ಇರುತ್ತಿರಲಿಲ್ಲ. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಊರಲ್ಲಿ ಒಂದಿಷ್ಟು ತೆಂಗಿನ ತೋಟ. ಉಳಿದ ಬಿಡುವೆಲ್ಲ ಹಲಗೆಗೆ. ಒಂದು ಕಪ್ಪನ್ನೂ ಗೆದ್ದವನಲ್ಲ, ಪಂದ್ಯಕ್ಕೆ ಹೆಸರು ಕೊಟ್ಟವನೂ ಅಲ್ಲ. ತನ್ನ ಮದುವೆಯ ದಿನವೇ ಬಾಸಿಂಗ ಕಟ್ಟಿಕೊಂಡು ಛತ್ರದ ಹಿಂದೆ ಅಡುಗೆಭಟ್ಟನ ಜೊತೆ ಆಡುತ್ತಾ ಕೂತಿದ್ದವನನ್ನು ಸೋದರಮಾವ ಎಳೆದುಕೊಂಡು ಹೋಗಿ ತಾಳಿ ಕಟ್ಟಿಸಿದ್ದ.

"ಏನ್ ಸಿಗ್ತದೆ ನಿಮ್ಗೆ ಅದ್ರಲ್ಲಿ?" ಎಂದು ಹೆಂಡತಿ ರಂಗಲಕ್ಷ್ಮಮ್ಮ ಕೇಳಿದರೆ, "ಖುಷಿ ಸಿಗ್ತದೆ ಕಣೇ. ಇನ್ನೇನ್ ಸಿಗ್ಬೇಕು?" ಎನ್ನುತ್ತಿದ್ದ. ಇಂಥವನಿಗೆ ಏನು ಹೇಳುವುದು!

೨೦೦೩ರಲ್ಲಿ ಮಗಳು ತ್ರಿವೇಣಿಯನ್ನು ನೋಡಲು ಕುಣಿಗಲ್ ಕಡೆಯವರು ಬರುವುದೆಂದಾಯಿತು. ಹುಡುಗ ಹನುಮಂತರಾಜುವಿನ ಫೋಟೊ ನೋಡಿಯೇ ತ್ರಿವೇಣಿಗೆ ಮನಸ್ಸಾಗಿತ್ತು. ಆದರೆ ಹುಡುಗನ ಅಪ್ಪ ವೆಂಕಟರಂಗಯ್ಯನವರಿಗೂ ಇದೇ ಹುಚ್ಚು, ಸೋತರೆ ಮುಖ ಗಂಟು ಹಾಕಿಕೊಳ್ಳುತ್ತಾರೆ ಎಂಬ ಸುದ್ದಿಯೂ ಬಂತು.

"ಆಡ್ಬೇಡಿ. ಆಡಿದ್ರೂ ಸೋತ್ಬುಡಿ. ಈ ಸಂಬಂಧ ತಪ್ಪೋದ್ರೆ ನಿಮ್ ಹಲಗೇನ ನೀರೊಲೆಗೆ ಇಕ್ತೀನಿ," ಎಂದಳು ರಂಗಲಕ್ಷ್ಮಮ್ಮ. ಹೇಳಿದ್ದನ್ನು ಮಾಡುವ ಹೆಂಗಸು. ಪುಟ್ಟರಂಗಯ್ಯ ತಕ್ಷಣ ಒಪ್ಪಿಕೊಂಡ. ಮಗಳಿಗಾಗಿಯೋ ಹಲಗೆಗಾಗಿಯೋ, ನಾವು ಕೇಳಬಾರದು.

ಭಾನುವಾರ ಬಂದರು. ಕೇಸರಿಬಾತು, ಉಪ್ಪಿಟ್ಟು ಮುಗಿದು, ತ್ರಿವೇಣಿ ಕಾಫಿ ಕೊಟ್ಟು, ಒಪ್ಪಿಗೆಯ ಮಾತು ಬರುವಷ್ಟರಲ್ಲಿ ರಾಹುಕಾಲ. ಅದು ಕಳೆಯುವ ತನಕ ಹೂಂ ಅನ್ನುವಂತಿಲ್ಲ, ಹೊರಡುವಂತೆಯೂ ಇಲ್ಲ. ವೆಂಕಟರಂಗಯ್ಯನವರ ಕಣ್ಣು ಮಂಚದಡಿಯ ಹಲಗೆಯ ಮೇಲೆ ಬಿತ್ತು.

ಪಡಸಾಲೆಯಲ್ಲೇ ಆಟ ಶುರುವಾಯಿತು. ಪುಟ್ಟರಂಗಯ್ಯ ಕುದುರೆಯನ್ನು ಬೇಕೆಂದೇ ಅವರ ಬಾಯಿಗಿಟ್ಟ. ಅವರು ಅದನ್ನು ಮುಟ್ಟದೆ, ತಮ್ಮ ಮಂತ್ರಿಯನ್ನೇ ತಂದು ಇವನ ಕಾಲಾಳು ಹೊಡೆಯುವ ಮನೆಯಲ್ಲಿ ನಿಲ್ಲಿಸಿದರು. ಕೈ ತುರಿಸಿತು, ಆದರೂ ಇವನು ಹೊಡೆಯಲಿಲ್ಲ. ಗೆಲ್ಲುವುದಕ್ಕೂ ಅವನು ಇಷ್ಟು ಬೆವರಿದವನಲ್ಲ.

"ಯಾಕ್ರೀ ಮಂತ್ರೀನ ಹೊಡೀಲಿಲ್ಲ?" ಎಂದರು ವೆಂಕಟರಂಗಯ್ಯ.

"ನೀವ್ಯಾಕ್ ಕುದ್ರೆ ಬುಟ್ರಿ?"

ಅವರು ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಹೆಣ್ಣಿನ ಅಪ್ಪ ಸೋತ್ರೆ ಮುನಿಸ್ಕೊಂಡಾರು, ನೀವೇ ಸೋಲಿ ಅಂತ ನಮ್ಮನೇವ್ಳು ಆಣೆ ಹಾಕ್ಸವ್ಳೆ."

"ನಮ್ಮವ್ಳು ನೀರೊಲೆ ಅಂದವ್ಳೆ!"

ಇಬ್ಬರೂ ನಕ್ಕ ನಗುವಿಗೆ ಹೆಂಗಸರು ಬಾಗಿಲಿಗೆ ಬಂದು ಇಣುಕಿದರು. ಗಂಡಸರು ಕಾಯಿಗಳನ್ನು ಮತ್ತೆ ಜೋಡಿಸಿ ನಿಜವಾದ ಆಟಕ್ಕೆ ಕೂತರು. ಹಂಗಿಸುವುದೇನು, ತೊಡೆ ತಟ್ಟುವುದೇನು! ರಾಹುಕಾಲ ಕಳೆದದ್ದು ಅವರಿಗೆ ಗೊತ್ತಾಗಲಿಲ್ಲ. ಹುಡುಗ ಹುಡುಗಿ ಹಿತ್ತಲಲ್ಲಿ ಮಾತಾಡಿ, ಕೆಂಪಗಾಗಿ ಒಳಗೆ ಬಂದದ್ದನ್ನೂ ನೋಡಲಿಲ್ಲ. ರಂಗಲಕ್ಷ್ಮಮ್ಮ ಮಾತ್ರ ಜೀವ ಕೈಯಲ್ಲಿ ಹಿಡಿದು ನಿಂತಿದ್ದಳು.

ಬಸ್ಸಿನ ಹೊತ್ತಾಯಿತೆಂದು ತಮ್ಮ ಹೆಂಡತಿ ಎಬ್ಬಿಸಿದ ಮೇಲೆ ವೆಂಕಟರಂಗಯ್ಯ ಎದ್ದರು, ಚಪ್ಪಲಿ ಮೆಟ್ಟಿದರು. ಹುಡುಗಿಯ ವಿಷಯ ಒಂದು ಮಾತಿಲ್ಲ. ಆಮೇಲೆ ತಿರುಗಿ ಹಲಗೆಯತ್ತ ಕೈ ತೋರಿಸಿದರು.

"ಬೀಗ್ರೇ, ಅದನ್ನ ಹಂಗೇ ಇಡಿ. ನಿಶ್ಚಿತಾರ್ಥಕ್ಕೆ ಬಂದಾಗ ಮುಗಿಸೋಣ. ಈಗ ನನ್ದೇ ನಡೆ."

ಅವರನ್ನು ಬಸ್ ಹತ್ತಿಸಿ ಬಂದ ಪುಟ್ಟರಂಗಯ್ಯನಿಗೆ ಪಡಸಾಲೆಯಲ್ಲಿ ಹಲಗೆ ಕಾಣಲಿಲ್ಲ. ನೀರೊಲೆಯ ಕಡೆ ಓಡಿದ.

"ಎತ್ಲಾಗ್ ಓಡ್ತೀರಿ?" ಎಂದಳು ಗುಂಡುಕಲ್ಲು ಹೊತ್ತು ಎದುರಾದ ರಂಗಲಕ್ಷ್ಮಮ್ಮ. ಆಡಿದ ಜಾಗದಲ್ಲೇ ಹಲಗೆಯ ಮೇಲೆ ಬಿದಿರಿನ ಮಂಕರಿ ಬೋರಲು ಹಾಕಿದ್ದಳು; ಕಲ್ಲನ್ನು ತಂದು ಅದರ ಮೇಲೆ ಹೇರಿದಳು. "ಬೆಕ್ಕು ಬಂದು ಕಾಯಿ ಉಳ್ಳಿಸ್ಬುಟ್ರೆ ನನ್ ಮಗಳ ಗತಿ ಏನು?"