ಒಡ್ಡಿನ ಮೇಲಿನ ಅತ್ತೆ ಮರ

ಹುಣಸೂರು ಬಸ್ ನಿಲ್ದಾಣದ ಹೊರಗೆ ಮೊನ್ನೆ ಒಬ್ಬಾಕೆ ಮುತ್ತುಗದ ಎಲೆಯ ಮೇಲೆ ನೇರಳೆ ಹಣ್ಣು ಗುಡ್ಡೆ ಹಾಕಿಕೊಂಡು ಕೂತಿದ್ದಳು. ಮಳೆ ಬಂದು ಆಗಷ್ಟೇ ನಿಂತಿತ್ತು. ಒಡೆದ ಹಣ್ಣಿನ ಒಗರು ವಾಸನೆ ಹಸಿಮಣ್ಣಿನ ವಾಸನೆಯ ಜೊತೆ ಸೇರಿ ಮೂಗಿಗೆ ಬಡಿದದ್ದೇ ತಡ, ಮೈಸೂರಿನ ಬಸ್ಸಿಗೆಂದು ನಿಂತಿದ್ದವಳು ನನ್ನ ತವರೂರಿನ ಕಡೆ ಹೋಗುವ ಹನಗೋಡಿನ ಬಸ್ಸು ಹತ್ತಿ ಕೂತೆ. ಮಡಿಲಲ್ಲಿ ಹಣ್ಣಿನ ಪೊಟ್ಟಣ. ವಯಸ್ಸಾಗುತ್ತಾ ನನಗೆ ಇಂಥ ಹುಚ್ಚಾಟ ಜಾಸ್ತಿಯಾಗಿದೆ ಎಂದು ನನ್ನ ಗಂಡ ಹೇಳುವುದು ಸುಳ್ಳೇನಲ್ಲ. ಆದರೆ ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಅದು ಕರೆದಾಗ ನೀವೂ ಒಮ್ಮೆಯಾದರೂ ಬೇರೆ ಬಸ್ಸು ಹತ್ತಿರುತ್ತೀರಿ.

ನಮ್ಮದು ಹೊಗೆಸೊಪ್ಪಿನ ಮನೆ. ತಾತ, ಅಜ್ಜಿ, ದೊಡ್ಡಪ್ಪ, ಅಪ್ಪ, ಅವರ ಸಂಸಾರಗಳು, ಕೊಟ್ಟಿಗೆ ತುಂಬ ದನ. ಸೊಪ್ಪಿನ ಕಾಲ ಬಂತೆಂದರೆ ಹಾಸಿಗೆ, ಬಟ್ಟೆ, ಕೊನೆಗೆ ಅಜ್ಜಿ ಹಚ್ಚುವ ಹರಳೆಣ್ಣೆ ಕೂಡ ಹೊಗೆಸೊಪ್ಪಿನ ಘಾಟು ಹೊಡೆಯುತ್ತಿತ್ತು. ಮನೆಯ ಮಗ್ಗುಲಲ್ಲೇ ಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ ಇತ್ತು. ಅದರ ಬಾಯಿಗೆ ಸೌದೆ ಎಷ್ಟು ತುಂಬಿದರೂ ಸಾಲದು. ಹಿತ್ತಲಿನ ಮಾವು, ಬದುವಿನ ಹೊಂಗೆ, ಬಾವಿ ಕಡೆಯ ಬೇವು ಎಲ್ಲವೂ ಒಂದೊಂದಾಗಿ ಆ ಬಾಯಿಗೆ ಹೋದವು. ತಾತ ಯಾವುದಾದರೂ ಮರವನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಅದರ ಆಯಸ್ಸು ಮುಗಿಯಿತೆಂದೇ ಲೆಕ್ಕ. ಹಾಗಾಗಿ ಒಂದು ಗಿಡ ನೆಟ್ಟು ಅದು ಮರವಾಗುವುದನ್ನು ನೋಡಬೇಕೆಂದರೆ ಊರಲ್ಲಿ ಇದ್ದದ್ದು ಒಂದೇ ಜಾಗ, ಊರ ಮೇಲಿನ ಒಡ್ಡು. ಅದು ಎಲ್ಲರದ್ದೂ ಆದ್ದರಿಂದ ಅಲ್ಲಿಗೆ ಯಾರ ಕೊಡಲಿಯೂ ಹೋಗುತ್ತಿರಲಿಲ್ಲ.

ಆ ಒಡ್ಡು ಹುಟ್ಟಿದ್ದು ಒಂದು ಸಾವಿನಿಂದ. ಕಾಡಿನ ಕಡೆಯಿಂದ ಇಳಿಯುವ ಹಳ್ಳ ವರ್ಷವಿಡೀ ಒಣಗಿ ಬಿದ್ದಿರುತ್ತಿತ್ತು, ಆಷಾಢದಲ್ಲಿ ಮಾತ್ರ ಅದಕ್ಕೆ ಹುಚ್ಚು ಹಿಡಿಯುತ್ತಿತ್ತು. ನಾನು ಹುಟ್ಟುವ ಮೊದಲು ಒಂದು ಮಧ್ಯಾಹ್ನ ಅದು ಕೆಳಗಿನ ಕೇರಿಗೆ ನುಗ್ಗಿ, ಕರುವಿನ ಹಗ್ಗ ಬಿಚ್ಚಲು ಓಡಿದ್ದ ಅಜ್ಜಿಯ ಕೊನೆಯ ಮಗಳು, ಇನ್ನೂ ಚಿಕ್ಕ ಹುಡುಗಿಯಾಗಿದ್ದ ಪುಟ್ಟತಾಯಿಯನ್ನು ಕೊಂಡೊಯ್ದಿತು. ಆಮೇಲೆ ಊರವರು ಸರ್ಕಾರವನ್ನು ಕಾಡಿ ಬೇಡಿ ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಒಡ್ಡು ಹಾಕಿಸಿಕೊಂಡರು. ಮೇಲಿನಿಂದ ನುಗ್ಗಿ ಬಂದ ನೀರು ಅದರ ಹಿಂದೆ ನಿಂತು, ಸುಧಾರಿಸಿಕೊಂಡು, ತೂಬಿನಿಂದ ನಿಧಾನವಾಗಿ ಇಳಿಯುತ್ತಿತ್ತು. ಒಡ್ಡಿನ ಕೆಲಸ ಮುಗಿದ ವಾರದಲ್ಲೇ ಅಜ್ಜಿ ಅದರ ನೆತ್ತಿಯ ಮೇಲೆ ಮಗಳ ಹೆಸರಿನಲ್ಲಿ ನೇರಳೆ ಸಸಿ ನೆಟ್ಟಳು. ಮಣ್ಣಿನ ಏರಿಯ ಮೇಲೆ ಮರ ಬೆಳೆಸಬಾರದು, ಬೇರು ಹೋದ ದಾರಿಯಲ್ಲೇ ನೀರೂ ಹೋಗುತ್ತದೆ ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಮಗಳನ್ನು ಕಳೆದುಕೊಂಡವಳ ಕೈಯಿಂದ ಸಸಿ ಕಿತ್ತುಕೊಳ್ಳುವವರು ಯಾರು? ಎಲ್ಲರೂ ನೋಡಿಯೂ ನೋಡದಂತೆ ಇದ್ದುಬಿಟ್ಟರು.

ನಮಗದು ಅತ್ತೆ ಮರ. ಶಾಲೆ ಬಿಟ್ಟರೆ ನಾವೆಲ್ಲ ಅದರ ಮೇಲೆಯೇ. ಅತ್ತೆಗೆ ವಯಸ್ಸಾಗುತ್ತಿರಲಿಲ್ಲ. ನಾವೇ ಒಬ್ಬೊಬ್ಬರಾಗಿ ಅವಳಿಗಿಂತ ದೊಡ್ಡವರಾದೆವು. ನಾಲಗೆ ನೀಲಿಯಾಗಿಸಿಕೊಂಡು ಬಂದರೆ ಅಜ್ಜಿ ಗದರುತ್ತಿರಲಿಲ್ಲ, "ಅತ್ತೆ ಕೊಟ್ಳಾ?" ಎಂದಷ್ಟೇ ಕೇಳುತ್ತಿದ್ದಳು. ಮೊದಲ ಮಳೆಗೆ ನೆಲ ಮೆತ್ತಗಾದಾಗ ಊರಿನ ದನಗಳನ್ನೆಲ್ಲ ಒಡ್ಡಿನ ಮೇಲೆ ಹೊಡೆದು ಮಣ್ಣು ತುಳಿಸುವುದು ನಮ್ಮೂರ ಪದ್ಧತಿ. ದೊಡ್ಡ ಮಳೆ ಬಂದು ನೀರು ನಿಂತಾಗ ಹೆಂಗಸರು ಬರಿಗಾಲಲ್ಲಿ ಒಡ್ಡಿನ ಬೆನ್ನಿನ ಮೇಲೆ, ಎಂದರೆ ನೀರಿಲ್ಲದ ಊರ ಕಡೆಯ ಇಳಿಜಾರಿನಲ್ಲಿ, ಸಾಲಾಗಿ ನಡೆಯುತ್ತಿದ್ದರು. ಅಂಗಾಲಿಗೆ ಎಲ್ಲಿ ತಣ್ಣಗೆ ತಗಲುತ್ತದೋ ಅಲ್ಲಿ ನಿಂತು ನೋಡಬೇಕು. ತಿಳಿನೀರು ಜಿನುಗಿದರೆ ಅದು ಒಡ್ಡಿನ ಬೆವರು, ಭಯವಿಲ್ಲ. ಕೆಂಪು ನೀರು ಬಂದರೆ ಒಡ್ಡಿನ ರಕ್ತ, ಒಳಗಿನ ಮಣ್ಣು ಕರಗುತ್ತಿದೆ ಎಂದರ್ಥ. ಈ ಸಾಲಿನಲ್ಲಿ ಮುಂದೆ ಯಾವಾಗಲೂ ನಮ್ಮಜ್ಜಿ, ಅವಳ ಸೆರಗು ಹಿಡಿದುಕೊಂಡು ನಾನು.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ಒಡ್ಡು ನೋಡಲು ಒಬ್ಬ ಎಂಜಿನಿಯರ್ ಬಂದ. ಒಳ್ಳೆಯ ಹುಡುಗ, ಮಾತು ಮೆತ್ತಗೆ. ಇಡೀ ಒಡ್ಡು ನಡೆದು ನೋಡಿ, ಮರದ ಬುಡದಲ್ಲಿ ನಿಂತು ಹೇಳಿದ: "ಒಡ್ಡು ಗಟ್ಟಿಯಾಗಿದೆ. ಈ ಮರ ಮಾತ್ರ ತೆಗೀಬೇಕು, ಬೇರು ಸಮೇತ. ಕೆಳಗಡೆ ಮನೆಗಳಿವೆ ನೋಡಿ."

ಊರ ಹಿರಿಯರೆಲ್ಲ ಆಕಾಶ ನೋಡಿದರು. ತಾತ, ಎಲ್ಲ ಮರಗಳ ಯಮನಾಗಿದ್ದ ನಮ್ಮ ತಾತ, "ಈ ಮಳೆಗಾಲ ಒಂದು ಕಳೀಲಿ ಬುಡಿ ಸಾಮಿ" ಎಂದ. ಮಜ್ಜಿಗೆ ಚೊಂಬು ಹಿಡಿದು ಬಂದಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. "ಬಿಸಿಲಲ್ಲಿ ಬಂದಿದ್ದೀರಿ, ಕುಡೀರಿ" ಎಂದು ಆ ಹುಡುಗನಿಗೆ ಮಜ್ಜಿಗೆ ಕೊಟ್ಟು ಮನೆಗೆ ನಡೆದಳು. ಮರದ ಸುದ್ದಿಯನ್ನು ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ.

ಆ ಆಷಾಢದಲ್ಲಿ ಮಳೆ ಬಿಡಲೇ ಇಲ್ಲ. ಒಂದು ಬೆಳಗ್ಗೆ ಸ್ವಲ್ಪ ಹೊಳವಾದಾಗ ಹೆಂಗಸರು ಬೆನ್ನು ತುಳಿಯಲು ಹೊರಟರು. ಅತ್ತೆ ಮರದ ನೇರಕ್ಕೆ, ಇಳಿಜಾರಿನ ಬುಡದಲ್ಲಿ ಅಜ್ಜಿ ಗಕ್ಕನೆ ನಿಂತಳು. ಹೆಬ್ಬೆರಳು ಗಾತ್ರದ ನೀರು ಹುಲ್ಲಿನಡಿಯಿಂದ ಉಕ್ಕುತ್ತಿತ್ತು. ಕೆಂಪು ನೀರು. ಅವಳು ಬಗ್ಗಿ ಬೊಗಸೆಯಲ್ಲಿ ಹಿಡಿದು ನೋಡಿದಳು, ಚೆಲ್ಲಿದಳು, ಮತ್ತೆ ಹಿಡಿದು ನೋಡಿದಳು. ತಿಳಿಯಾಗಲಿ ಎಂದು ನಾನೂ ಬೇಡಿಕೊಂಡೆ. ಆಮೇಲೆ ಅವಳು ಕೂಗಿದ ಕೂಗು ನನಗೆ ಈಗಲೂ ಕೇಳಿಸುತ್ತದೆ.

"ರಕ್ತ ಬತ್ತಾ ಅದೆ ಕಣ್ರಲಾ! ಕೆಳಗಲ ಕೇರಿ ಮಕ್ಕಳ್ನ ದಿಣ್ಣೆ ಮ್ಯಾಕೆ ಅತ್ತಿಸ್ರೋ!"

ಕೇರಿ ಖಾಲಿಯಾಯಿತು. ಗಂಡಸರು ಸೊಪ್ಪಿನ ಗೋಣಿಗಳಿಗೆಲ್ಲ ಮರಳು ತುಂಬಿ ಹೊತ್ತು ತಂದು, ನೀರು ಉಕ್ಕುವ ಜಾಗಕ್ಕೆ ಮರಳು, ಜಲ್ಲಿ ಸುರಿದು ಸುತ್ತ ಗೋಣಿ ಒಟ್ಟಿದರು. ಇನ್ನು ಕೆಲವರು ಕೋಡಿಯನ್ನು ಅಗಲ ಮಾಡಿ ನೀರು ಹೊರಬಿಟ್ಟರು. ಅಜ್ಜಿ ಮಾತ್ರ ಅಲ್ಲಿಂದ ಕದಲದೆ ನೀರಿನ ಬಣ್ಣವನ್ನೇ ನೋಡುತ್ತಾ ಕುಕ್ಕರಗಾಲಲ್ಲಿ ಕೂತಿದ್ದಳು. ಮಧ್ಯಾಹ್ನ ತಿರುಗುವ ಹೊತ್ತಿಗೆ ಕೆಂಪು ತೆಳುವಾಗಿ, ತಿಳಿಯಾಯಿತು. ಒಡ್ಡು ಉಳಿಯಿತು.

ಸಂಜೆ ಜಗಲಿಯಲ್ಲಿ ತಾತ, ಬುಡಕ್ಕೆ ಕಲ್ಲು ಕಟ್ಟಿಸೋಣ, ಮರ ಇರಲಿ ಎಂದು ಮೆಲ್ಲಗೆ ಶುರುಮಾಡಿದ. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. "ಇನ್ನೊಬ್ಬರ ಮನೆ ಮಗ ಓಗ್ಬಾರ್ದು ಅಂತ ಅಲ್ವಾ ಒಡ್ಡು ಆಕಿಸಿದ್ದು? ನನ್ನ ಮಗಳಿಂದ ಅದು ಒಡೀತು ಅಂತ ಅನ್ನಿಸ್ಬ್ಯಾಡಿ. ಕಡೀರಿ."

ನೀರು ಬತ್ತಿದ ಮೇಲೆ ಕಡಿದರು. ಬೇರನ್ನು ಎಳೆ ಎಳೆಯಾಗಿ ಅಗೆದು ತೆಗೆದು, ಗುಂಡಿಗೆ ಜೇಡಿಮಣ್ಣು ತುಂಬಿ ಪದರ ಪದರವಾಗಿ ದಮ್ಮಸ್ಸು ಮಾಡಿ, ಕೊನೆಗೆ ದನ ಹೊಡೆದು ತುಳಿಸಿದರು. ಮುಂದಿನ ಜೋಡಿಯ ಹಗ್ಗ ಅಜ್ಜಿಯ ಕೈಯಲ್ಲೇ ಇತ್ತು. ದಿಮ್ಮಿ ನಮ್ಮ ಹಿತ್ತಲಿಗೆ ಬಂತು. ತಾತ ಅದನ್ನು ಬ್ಯಾರನ್ನಿಗೆ ಹಾಕಲೂ ಇಲ್ಲ, ಹಾಕಲು ಬಿಡಲೂ ಇಲ್ಲ. ಅದು ಅಲ್ಲೇ ಬಿದ್ದು ಗೆದ್ದಲು ತಿಂದುಹೋಯಿತು.

ಆದರೆ ಅಷ್ಟು ವರ್ಷ ನಾವೂ ಹಕ್ಕಿಗಳೂ ಉಗುಳಿದ ಬೀಜಕ್ಕೆ ಲೆಕ್ಕವುಂಟೇ? ಪ್ರತಿ ಮಳೆಗಾಲವೂ ಒಡ್ಡಿನ ಮೇಲೆ ಅಲ್ಲಲ್ಲಿ ನೇರಳೆ ಚಿಗುರು ಏಳುತ್ತಿತ್ತು. ಅದನ್ನು ಕೀಳುವ ಕೆಲಸವನ್ನು ಅಜ್ಜಿ ಬೇರೆಯವರಿಗೆ ಕೊಡಲಿಲ್ಲ. ಬೇರು ಹರಿಯದಂತೆ ಬುಡ ಅಲ್ಲಾಡಿಸಿ ಕಿತ್ತು, "ಬಾ ಮಗ, ಮನೆಗೆ ಓಗಣ" ಎಂದು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಹಿತ್ತಲಲ್ಲಿ ನೆಡುತ್ತಿದ್ದಳು. ಕೆಲವು ಬಾಡಿದವು, ಕೆಲವನ್ನು ದನ ಮೇಯ್ದವು. ಮುಂದಿನ ವರ್ಷ ಮತ್ತೆ ತರುತ್ತಿದ್ದಳು, ಕಾಲು ನಡೆಯುವ ತನಕ.

ಮೊನ್ನೆ ಬಸ್ಸಿಳಿದು ನೇರ ಒಡ್ಡಿಗೇ ಹೋದೆ. ನೀರಿನ ಕಡೆಯ ಮೈಗೆ ಈಗ ಕಲ್ಲು ಹೊದಿಸಿದ್ದಾರೆ, ತೂಬಿಗೆ ಕಬ್ಬಿಣದ ಬಾಗಿಲಿದೆ. ಊರಿನಲ್ಲಿ ದನಗಳೇ ಕಡಿಮೆ, ತುಳಿಸುವ ಮಾತೆಲ್ಲಿ. ಬೆನ್ನಿನ ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಡೆದೆ. ಅಂಗಾಲಿಗೆ ತಣ್ಣಗೆ ತಗಲಿದ ಕಡೆ ಬಗ್ಗಿ ನೋಡಿದೆ, ಮಳೆಯ ನೀರಷ್ಟೇ. ಕೆಳಗಿನ ಕೇರಿಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು, ಮಕ್ಕಳು ಗದ್ದಲ ಮಾಡುತ್ತಿದ್ದವು. ಹಣ್ಣು ತಿನ್ನುತ್ತಾ ಬೀಜಗಳನ್ನು ಪೊಟ್ಟಣಕ್ಕೇ ಹಾಕಿಕೊಳ್ಳುತ್ತಾ ನೆತ್ತಿಗೆ ಬಂದೆ. ಮರ ಇದ್ದ ಜಾಗದಿಂದ ಸ್ವಲ್ಪ ಆಚೆ, ಮೊಣಕಾಲೆತ್ತರದ ನೇರಳೆ ಸಸಿ ನಿಂತಿತ್ತು. ಎಲೆ ಮಿರಮಿರ ಮಿಂಚುತ್ತಿತ್ತು.

ಕೂತೆ. ಬುಡ ಅಲ್ಲಾಡಿಸಿ, ಬೇರು ಹರಿಯದಂತೆ ಕಿತ್ತೆ. ಹಸಿಮಣ್ಣಿನ ಜೊತೆ ಸಲೀಸಾಗಿ ಬಂತು. "ಬಾ ಅತ್ತೆ, ಮನೆಗೆ ಓಗಣ" ಎಂದು ಬಾಯಿ ತಾನಾಗಿ ಅಂದುಬಿಟ್ಟಿತು.

ಎದ್ದು ನಿಂತು ಊರ ಕಡೆ ನೋಡಿದೆ. ತಾತನ ಕಾಲದ ನಂತರ ಮನೆ ಪಾಲಾಗಿ, ಗೋಡೆ ಕೆಡವಿ, ಹಿತ್ತಲು ಸೇರಿಸಿ ಅಲ್ಲೀಗ ಯಾರದೋ ಸಿಮೆಂಟಿನ ಗೋಡೌನು ನಿಂತಿದೆ. ಸಸಿಯನ್ನು ಸೆರಗಿನಲ್ಲಿ ಇಟ್ಟುಕೊಂಡು ಒಡ್ಡು ಇಳಿದೆ. ರಸ್ತೆಗೆ ಬಂದ ಮೇಲೆ ಯಾವ ಕಡೆಗೆ ತಿರುಗಬೇಕೆಂದು ತಿಳಿಯದೆ ಬಹಳ ಹೊತ್ತು ಅಲ್ಲೇ ನಿಂತಿದ್ದೆ.