ಮಸ್ಕತ್ತಿನಲ್ಲಿ ಶಾಲೆ ಆರಿಸಿದ ಫಕ್ಕೀರವ್ವ

ನಮ್ಮ ಅತ್ತೆ ಫಕ್ಕೀರವ್ವನವರಿಗೆ ಸೀನು ಬರುತ್ತಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಕಾಲಿಟ್ಟ ಹೊಸಬರು ಮೂಗಿಗೆ ಕರವಸ್ತ್ರ ಹಿಡಿದೇ ಮಾತಾಡುತ್ತಾರೆ. ರಾಣೆಬೆನ್ನೂರಿನಿಂದ ಮದುವೆಯಾಗಿ ಬಂದ ನಾನಂತೂ ಮೊದಲ ತಿಂಗಳು ಸೀನುತ್ತಲೇ ಸಂಸಾರ ಮಾಡಿದೆ. ಅತ್ತೆ ಮಾತ್ರ ಆ ಕೆಂಪು ರಾಶಿಗಳ ನಡುವೆ ಹೂದೋಟದಲ್ಲಿ ಕುಳಿತವರ ಹಾಗೆ ಆರಾಮವಾಗಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ರಾಣೆಬೆನ್ನೂರಿನ ಮೂಗು ಭಾರಿ ನಾಜೂಕು ಎಂದು ನನ್ನನ್ನು ಛೇಡಿಸುವುದು ಅವರಿಗೆ ದಿನದ ಕೆಲಸಗಳಲ್ಲಿ ಒಂದಾಗಿತ್ತು.

ಮಾವನವರು ತೀರಿಕೊಂಡ ಮೇಲೆ ಅತ್ತೆ ಒಂದು ದಲಾಲಿ ಅಂಗಡಿಯಲ್ಲಿ ಕಾಯಿ ಆರಿಸುವ ಹೆಂಗಸರಿಗೆ ಹಿರಿಯಾಳಾಗಿದ್ದರು. ಅಕ್ಷರ ಕಲಿತವರಲ್ಲ. ಆದರೆ ಹಮಾಲರೊಡನೆ ಉರ್ದು, ಗುಂಟೂರಿನಿಂದ ಬಂದ ವ್ಯಾಪಾರಿಗಳೊಡನೆ ತೆಲುಗು, ಮೀರಜಿನವರೊಡನೆ ಮರಾಠಿ ಸರಾಗವಾಗಿ ಆಡುತ್ತಿದ್ದರು. ಯಾರು ಕಲಿಸಿದರು ಎಂದು ಕೇಳಿದರೆ, ಜಗಳಾಡುವುದಕ್ಕೆ ಬೇಕಲ್ಲ, ತಾನೇ ಬಂತು ಅನ್ನುತ್ತಿದ್ದರು. ಚೀಲದ ಬಾಯಿಯಲ್ಲಿ ಚೊಕ್ಕ ಕಾಯಿ ಇಟ್ಟು, ತಳದಲ್ಲಿ ಬಣ್ಣಗೆಟ್ಟದ್ದನ್ನು ತುಂಬುವವರು ಪೇಟೆಯಲ್ಲಿ ಇದ್ದೇ ಇರುತ್ತಾರೆ. ಅತ್ತೆ ಮೊಣಕೈ ದಾಟುವವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಒಂದನ್ನು ಮುರಿದು ಅಂಗೈಗೆ ತಿಕ್ಕಿ ನೋಡುವರು. ಕೆಟ್ಟದ್ದಾಗಿದ್ದರೆ "ಮ್ಯಾಲ ಬಸಪ್ಪ, ಒಳಗ ವಿಷಪ್ಪ" ಎಂದು ಎಲ್ಲರಿಗೂ ಕೇಳುವಂತೆ ಹೇಳುವರು. ಒಮ್ಮೆ ಐರಣಿಯಿಂದ ಬಂದ ಸ್ವಂತ ಅಣ್ಣನ ಚೀಲಕ್ಕೂ ಇದೇ ಮಾತು ಹೇಳಿದರು. ಅಣ್ಣ ಆರು ತಿಂಗಳು ಮಾತು ಬಿಟ್ಟ. ನಾಗರಪಂಚಮಿಗೆ ಉಂಡಿ ಕಟ್ಟಿಕೊಂಡು ತಾವೇ ತವರಿಗೆ ಹೋಗಿ ಮಾತಾಡಿಸಿ ಬಂದರು, ಆದರೆ ಹೇಳಿದ ಮಾತು ತಪ್ಪು ಅನ್ನಲಿಲ್ಲ.

ನನ್ನ ಗಂಡ ಬಸವರಾಜ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರಗಳ ಕೆಲಸ ಕಲಿತು, ಅದೇ ವಿದ್ಯೆಯ ಮೇಲೆ ಮಸ್ಕತ್ತಿನ ದೊಡ್ಡದೊಂದು ಕೋಲ್ಡ್ ಸ್ಟೋರೇಜಿಗೆ ಉಸ್ತುವಾರಿಯಾಗಿ ಹೋದವರು. ನಾನೂ ಆರು ವರ್ಷದ ಚೈತ್ರಾಳೂ ಜೊತೆಗೆ ಹೋದೆವು. ಮನೆಗೆ ಹತ್ತಿರವಿದ್ದ ಇಂಗ್ಲಿಷ್ ಶಾಲೆಗೆ ಮಗಳನ್ನು ಹಾಕಿದೆವು. ಮಗುವಿಗೆ ಭಾಷೆ ಬರುತ್ತಿಲ್ಲ, ಮನೆಯಲ್ಲೂ ಇಂಗ್ಲಿಷೇ ಆಡಿ ಎಂದರು ಶಾಲೆಯವರು. ಬಿ.ಎಡ್. ಮಾಡಿದ ಜಾಣೆ ನಾನು, ಹೂಂ ಎಂದೆ. ಕನ್ನಡ ಆಡಿದರೆ ಕಣ್ಣು ಬಿಡುತ್ತಿದ್ದೆ. ವರ್ಷ ತುಂಬುವುದರೊಳಗೆ ಅರಳು ಹುರಿದಂತೆ ಮಾತಾಡುತ್ತಿದ್ದ ಮಗಳು ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ, ಬಾಯಿಯನ್ನೇ ತೆರೆಯದಾದಳು. ಮಗುವಿನ ಬುದ್ಧಿ ಮಂದವಿರಬಹುದು, ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಿ ಎಂದು ಶಾಲೆಯಿಂದ ಪತ್ರ ಬಂತು. ಆ ಪತ್ರ ಓದಿದ ದಿನವೇ ನಾವು ಬೇರೆ ಶಾಲೆ ಹುಡುಕತೊಡಗಿದೆವು.

ಅದೇ ಹೊತ್ತಿಗೆ ಅತ್ತೆ ಮೂರು ತಿಂಗಳಿಗೆಂದು ಮಸ್ಕತ್ತಿಗೆ ಬಂದರು. ಚೈತ್ರಾ ತನ್ನ ಆಯಿಯ, ಅಂದರೆ ಅಜ್ಜಿಯ, ಮಗ್ಗುಲಲ್ಲಿ ಮಲಗಿ ಕಿವಿಯಲ್ಲಷ್ಟೇ ಪಿಸುಗುಡುತ್ತಿದ್ದಳು. ಎರಡೇ ದಿನದಲ್ಲಿ ಅತ್ತೆಗೆ ಸಂಗತಿ ತಿಳಿಯಿತು. ಎರಡು ಭಾಷೆಯಲ್ಲಿ, ಅಂದರೆ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಕಲಿಸುವ ಇಂಟರ್‌ನ್ಯಾಷನಲ್ ಶಾಲೆಗಳೆರಡು ನಮ್ಮ ಕಣ್ಣಮುಂದಿದ್ದವು. ಒಂದು ವಾರದೊಳಗೆ ಯಾವುದೆಂದು ನಿರ್ಧರಿಸಬೇಕಿತ್ತು. ನಾನೂ ಬರುತ್ತೇನೆ ಎಂದು ಅತ್ತೆ ಇಳಕಲ್ ಸೀರೆ ಉಟ್ಟು ಕಾರಿನಲ್ಲಿ ಕುಳಿತೇಬಿಟ್ಟರು.

ಮೊದಲನೆಯದು ಅರಮನೆಯಂಥ ಶಾಲೆ. ಕಾರಂಜಿ, ಗಾಜಿನ ಕಪಾಟು, ಕಪಾಟಿನ ತುಂಬ ಬಹುಮಾನಗಳು. ಒಬ್ಬ ಹುಡುಗಿ ಬಂದು ಎರಡೂ ಭಾಷೆಯಲ್ಲಿ ನಮ್ಮನ್ನು ಸ್ವಾಗತಿಸಿದಳು. ಗಂಡ ಹೆಂಡತಿ ಇಬ್ಬರೂ ಬೆಣ್ಣೆಯಂತೆ ಕರಗಿದೆವು. ತಿರುಗಿ ನೋಡಿದರೆ ಅತ್ತೆ ಇಲ್ಲ. ಹುಡುಕುತ್ತ ಹೋದರೆ ಹಿತ್ತಲ ಕಡೆ ನೀರಿನ ನಲ್ಲಿಯ ಹತ್ತಿರ ನೆಲದ ಮೇಲೆ ಕುಳಿತು, ಅಲ್ಲಿನ ಆಯಾಳೊಡನೆ ಉರ್ದುವಿನಲ್ಲಿ ಹರಟುತ್ತಿದ್ದರು. ಮನೆಭಾಷೆ ಆಡಿದ ಮಕ್ಕಳಿಗೆ ಆ ದಿನ ಆಟವಿಲ್ಲ, ಗೋಡೆಗೆ ಮುಖ ಮಾಡಿ ನಿಲ್ಲಬೇಕು ಎಂದು ಆಯಾ ಹೇಳಿದಳಂತೆ. ಹೇಳುವುದೇನು, ಇಬ್ಬರು ಪುಟ್ಟ ಹುಡುಗರು ಅಲ್ಲೇ ನಿಂತಿದ್ದರು. ಚೈತ್ರಾ ಆ ಹುಡುಗರನ್ನು ನೋಡಿ ಅಜ್ಜಿಯ ಸೆರಗು ಹಿಡಿದುಕೊಂಡಳು.

ಎರಡನೆಯದು ಹಳೆಯ ಕಟ್ಟಡ. ಅಂಗಳದಲ್ಲಿ ಮರಳು, ಮೇಲೆ ತಗಡಿನ ನೆರಳು. ನನ್ನ ಗಂಡನ ಮುಖ ಬಾಗಿಲಲ್ಲೇ ಸಣ್ಣದಾಯಿತು. ಒಳಗೆ ನಡುವಯಸ್ಸಿನ ಅರಬ್ ಶಿಕ್ಷಕಿಯೊಬ್ಬರು ಸಿಕ್ಕರು. ನಾವು ಪರಿಚಯ ಹೇಳುವ ಮೊದಲೇ ಅತ್ತೆ ಅವರೆದುರು ನಿಂತು, ಅಪ್ಪಟ ಬ್ಯಾಡಗಿ ಮಾತಿನಲ್ಲಿ ಶುರು ಮಾಡಿದರು:

"ಅಕ್ಕೋರ, ನಮ್ಮ ಹುಡುಗಿ ಮೂಕಿ ಅಲ್ರಿ. ಆಕೀ ಬಾಯಿಗೆ ನಾವ ಕೀಲಿ ಹಾಕೇವಿ. ನಿಮಗ ತೆಗಿಯಾಕ ಬರತೈತೇನು?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆ ಶಿಕ್ಷಕಿ ಒಂದಕ್ಷರ ತಿಳಿಯದಿದ್ದರೂ ಕಡೆಯವರೆಗೆ ಕೇಳಿದರು. ಅನುವಾದಿಸಲು ಹೊರಟ ನನ್ನನ್ನು ಕೈಯೆತ್ತಿ ತಡೆದು, ಚೈತ್ರಾಳ ಮುಂದೆ ಮಂಡಿಯೂರಿ ಕುಳಿತು, ನಿನ್ನ ಅಜ್ಜಿ ಏನು ಹೇಳಿದರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಗಳು ಸುಮ್ಮನೆ ನಿಂತಳು. ಗಂಟೆ ಬಾರಿಸಿತು, ಮಕ್ಕಳು ಹೋ ಎಂದು ಹೊರಗೆ ಓಡಿದರು, ಯಾರೋ ಬಾಗಿಲಿಗೆ ಬಂದು ಕರೆದರು. ಶಿಕ್ಷಕಿ ಏಳಲಿಲ್ಲ.

ಆಮೇಲೆ ಚೈತ್ರಾ ಬಾಯಿ ಬಿಟ್ಟಳು. ನಾನು ಮೂಕಿ ಅಲ್ಲವಂತೆ, ನನ್ನ ಬಾಯಿಗೆ ಬೀಗ ಹಾಕಿದ್ದಾರಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಯಾರು ಹಾಕಿದ್ದು ಎಂದು ಶಿಕ್ಷಕಿ ಕೇಳಿದರು. ಮಮ್ಮಿ, ಅಂದಳು ಮಗಳು.

ನನ್ನ ಗಂಡ ಕಿಟಕಿಯಾಚೆ ಅಂಗಳದ ತಗಡು ನೋಡತೊಡಗಿದರು. ನಾನು ಅಲ್ಲಿಯೇ ಅತ್ತುಬಿಟ್ಟೆ. ನಾಚಿಕೆಯೂ ಹೌದು, ಆದರೆ ಹೆಚ್ಚಿನದು ಖುಷಿ. ಎಷ್ಟೋ ತಿಂಗಳ ಮೇಲೆ ಮಗಳ ದನಿ ಕೇಳಿದ್ದೆ.

ಕಾರಿನಲ್ಲಿ ಗಂಡ ತಕರಾರು ತೆಗೆದರು. ದೊಡ್ಡ ಶಾಲೆಗೆ ಹೆಸರಿದೆ, ಆಫೀಸಿನ ಎಲ್ಲರ ಮಕ್ಕಳೂ ಅಲ್ಲೇ ಓದುತ್ತಾರೆ, ನಾಲ್ಕು ಜನ ಏನಂದಾರು ಎಂಬ ವಾದ. ಅತ್ತೆ ಎಲ್ಲ ಕೇಳಿಸಿಕೊಂಡು, "ಬಸೂ, ಗಂಟಿ ಬಾರಿಸಿದ್ರೂ ಆ ಅಕ್ಕೋರು ಮ್ಯಾಲ ಏಳಲಿಲ್ಲ. ಹುಡುಗೀನ್ನ ಅಲ್ಲೇ ಹಾಕು" ಅಂದರು. ಅಷ್ಟಕ್ಕೆ ವಾದ ಮುಗಿಯಿತು. ತಾಯಿ ಆರಿಸಿದ ಮೇಲೆ ಮರುಮಾತಾಡುವ ಧೈರ್ಯ ಬ್ಯಾಡಗಿಯ ದೊಡ್ಡ ವ್ಯಾಪಾರಿಗಳಿಗೇ ಇರಲಿಲ್ಲ, ಇನ್ನು ಮಗನಿಗೆಲ್ಲಿಂದ ಬರಬೇಕು?

ಅತ್ತೆ ಊರಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಹೊಸ ಶಾಲೆಯಿಂದ ಮೊದಲ ದೂರು ಬಂತು: ಚೈತ್ರಾ ತರಗತಿಯಲ್ಲಿ ವಿಪರೀತ ಮಾತಾಡುತ್ತಾಳೆ, ಅಕ್ಕಪಕ್ಕದವರನ್ನೂ ಮಾತಿಗೆಳೆಯುತ್ತಾಳೆ. ಆ ಚೀಟಿಯನ್ನು ನಾನು ನಾಲ್ಕು ಸಲ ಓದಿ ಬ್ಯಾಡಗಿಗೆ ಫೋನ್ ಮಾಡಿದೆ. ಅತ್ತೆ ಪೇಟೆಯಲ್ಲಿ ಹಮಾಲರಿಗೆಲ್ಲ ಪೇಡೆ ಹಂಚಿದರಂತೆ. ಏನು ವಿಶೇಷ ಎಂದು ಕೇಳಿದವರಿಗೆಲ್ಲ, "ಮಮ್ಮಗಳು ಭಾಳ ಮಾತಾಡ್ತಾಳಂತ ಸಾಲ್ಯಾಗಿಂದ ಪತ್ರಾ ಬಂದೈತಿ" ಎಂದು ಹೆಮ್ಮೆಯಿಂದ ಹೇಳಿದರಂತೆ. ಕೇಳಿದವರು ಇದೆಂಥ ಹಬ್ಬ ಎಂದು ಮುಖ ಮುಖ ನೋಡಿಕೊಂಡು ಪೇಡೆ ತಿಂದರು.

ಮೂರು ವರ್ಷ ಕಳೆದು ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ತಮ್ಮ ಮನೆಯ ಹಿರಿಯರ ಬಗ್ಗೆ ಮಾತಾಡುವುದಿತ್ತು. ಅತ್ತೆಗೆ ಆಗಲೇ ಹುಷಾರಿರಲಿಲ್ಲ, ಹಾವೇರಿಯ ಆಸ್ಪತ್ರೆಯಲ್ಲಿದ್ದರು. ನಾನು ಮೊದಲ ಸಾಲಿನಲ್ಲಿ ಕುಳಿತು, ಅವರಿಗೆ ಫೋನ್ ಹಚ್ಚಿ ವೇದಿಕೆಯ ಕಡೆಗೆ ಹಿಡಿದೆ. ಚೈತ್ರಾ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅರಬ್ಬಿಯಲ್ಲಿ, ಕಡೆಗೆ ಕನ್ನಡದಲ್ಲಿ ತನ್ನ ಆಯಿಯ ಬಗ್ಗೆ ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. ಅತ್ತೆ ನಿದ್ದೆ ಹೋಗಿರಬಹುದೆಂದು ಮೆಲ್ಲಗೆ ಫೋನ್ ಕಿವಿಗಿಟ್ಟು, "ಅತ್ತೀ, ಏನರ ತಿಳೀತೇನ್ರಿ?" ಎಂದೆ.

"ಮದಲಿನ ಎರಡೂ ತಿಳೀಲಿಲ್ಲ ಶೈಲವ್ವಾ," ಅಂದರು. ದನಿ ಸೋತಿತ್ತು, ಆದರೆ ನಗುತ್ತಿದ್ದರು. "ಆದ್ರ ಮಾತು ಎಲ್ಲೂ ನಿಲ್ಲಲಿಲ್ಲ ನೋಡು ನನ್ನ ಕೂಸಿಂದು."

ಅವರಿಂದ ನಾನು ಕೇಳಿದ ಕಡೆಯ ಮಾತು ಅದೇ.