ಬೆಲ್ಲದ ಬೆಟ್ಟ

ಕಬ್ಬಾಳಿನ ಬೆಟ್ಟದ ಬುಡದಲ್ಲಿ, ಹಣ್ಣುಕಾಯಿ ಅಂಗಡಿಯ ಕಲ್ಲುಬೆಂಚಿನ ಮೇಲೆ ಕುಳಿತು ಬಣ್ಣದ ಪೆಟ್ಟಿಗೆ ಬಿಚ್ಚಿದೆ.

"ಬೆಟ್ಟ ಹತ್ತಕಿಲ್ವಾ ಯಜಮಾನ್ರೆ?" ಎಂದಳು ಅಂಗಡಿಯಾಕೆ.

"ಮಂಡಿ ಬಿಡೋದಿಲ್ಲ ಕಣಮ್ಮ. ಒಂದು ಲೋಟ ನೀರು ಕೊಡು."

ಆರ್ಕಿಟೆಕ್ಟ್ ಕೆಲಸದ ನೆಪದಲ್ಲಿ ಆಯುಷ್ಯವೆಲ್ಲ ದೇಶ ಸುತ್ತಿದವನು ನಾನು. ನೈಲ್ ನದಿಯ ನೀರಿನಲ್ಲೂ ಬಣ್ಣ ಕಲಸಿದ್ದೇನೆ. ಬೆಟ್ಟದಿಂದ ಕಣ್ಣು ಕೀಳದೆ, ಆಕೆ ತಂದಿಟ್ಟ ಲೋಟದಲ್ಲಿ ಕುಂಚ ಅದ್ದಿ ಅದ್ದಿ ಬಂಡೆ, ಪೊದೆ, ಆಕಾಶ ಎಲ್ಲ ಬಳಿದೆ. ಎಷ್ಟು ಹೊತ್ತಾದರೂ ಬಣ್ಣ ಒಣಗಲೊಲ್ಲದು. ಬೆರಳಿಟ್ಟರೆ ಅಂಟು!

ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಯ್ಯೋ, ಅದು ಬೆಲ್ಲದ ನೀರು! ಬಿಸ್ಲಲ್ಲಿ ಬಂದೋರ್ಗೆ ಬರೀ ನೀರು ಕೊಡಕ್ಕಾಯ್ತದಾ? ಕುಡೀತೀರಾ ಅಂದ್ಕೊಂಡೆ."

ನನಗೂ ನಗು ತಡೆಯಲಾಗಲಿಲ್ಲ. ಇನ್ನೊಂದು ಲೋಟ ತಂದಳು, ಅದನ್ನು ಕುಡಿದೇಬಿಟ್ಟೆ. ಎಂಥ ರುಚಿ! ಅಷ್ಟರಲ್ಲಿ ಬೆಂಚಿನ ಸಂದಿಯಿಂದ ಇರುವೆಗಳು ಹಾಳೆಗೆ ಬಂದು, ನಾನು ಬರೆದ ಬಂಡೆಯ ಮೇಲೆ ಸಾಲುಗಟ್ಟಿ ಏರುತ್ತಿದ್ದವು. ಊದಿ ಓಡಿಸೋಣವೆಂದು ಬಗ್ಗಿದೆ.

ಆಕೆ ನನ್ನ ಭುಜ ಹಿಡಿದು ತಡೆದಳು. "ಬುಡಿ ಯಜಮಾನ್ರೆ, ನಿಮ್ ಬದ್ಲು ಅವಾದ್ರೂ ಹತ್ಲಿ."